ಮಂಗಳವಾರದ ಡಬ್ಬಿ

ಮೊನ್ನೆ ಅಡುಗೆ ಮನೆಯಿಂದ ಹಾಲನ್ನು ಹಲ್ವದಂತೆ ಗಟ್ಟಿಯಾಗಿಸುವ ಚೈನಾ ಗ್ರಾಸ್ ಕರಗುವ ವಾಸನೆ ಬಂತು. ಅದಕ್ಕೆ ಅಂಥಾ ವಾಸನೆಯೇನೂ ಇಲ್ಲ, ಗಂಜಿ ಕಾಯಿಸಿದ ಹಾಗೆ ಸಣ್ಣದೊಂದು ಘಮ ಅಷ್ಟೆ. ಆದರೆ ಹಾಲಿನವನು ನೀರು ಬೆರೆಸಿದರೂ ಹಿಡಿಯುವ ಮೂಗು ನನ್ನದು. ಎದ್ದು ಹೋಗಿ ನೋಡಿದರೆ ನನ್ನ ಮಗಳು ಅಟ್ಟದ ಮೇಲಿದ್ದ ಸ್ಟೀಲ್ ಡಬ್ಬಿಯೊಂದನ್ನು ಇಳಿಸಿ, ತೊಳೆದು, ಪಾಕ ಸುರಿಯಲು ನಿಂತಿದ್ದಳು.

"ಅಮ್ಮಾ, ಇದ್ರೊಳಗೆ ಒಂದು ಖಾಲಿ ಕಾಗದ ಇತ್ತು. ಬಿಸಾಕ್ಬುಡ್ಲಾ?" ಎಂದಳು.

"ಮುಟ್ಟಬ್ಯಾಡ ಅದ್ನ!"

ನಾನು ಕಿರುಚಿದ ರಭಸಕ್ಕೆ ಅವಳ ಕೈಯ ಸೌಟು ಕೆಳಗೆ ಬಿತ್ತು. ಅಂಗೈಯಗಲದ, ನುಣುಪಾದ ಕಾಗದ ಅದು. ಅವಳ ಮಾತು ಸುಳ್ಳಲ್ಲ. ಅದರಲ್ಲಿ ಈಗ ಏನೂ ಇಲ್ಲ...

ನನ್ನದು ಅನುಮಾನದ ಜೀವ. ಮೆಡಿಕಲ್ ಸ್ಟೋರಿನವನು ಕೊಟ್ಟ ಮಾತ್ರೆಯ ಹಿಂಬದಿಯ ತಾರೀಕನ್ನು ಎರಡು ಸಲ ಓದುತ್ತೇನೆ. ಬಸ್ಸಿನಲ್ಲಿ ಪಕ್ಕದವಳು ಜಾಸ್ತಿ ನಕ್ಕರೆ ಪರ್ಸು ಮುಟ್ಟಿ ನೋಡಿಕೊಳ್ಳುತ್ತೇನೆ. "ನಿನ್ನ ಕಣ್ಣಿಗೆ ದೇವ್ರೂ ಕಳ್ಳನಂಗೇ ಕಾಣ್ತಾನೆ ಬುಡು" ಎಂದು ಯಜಮಾನರು ಹಂಗಿಸುತ್ತಾರೆ. ಹಂಗಿಸಲಿ. ಅನುಮಾನ ಪಟ್ಟಿದ್ದಕ್ಕೆ ನಾನು ಜೀವಮಾನದಲ್ಲಿ ನಾಚಿದ್ದು ಒಂದೇ ಸಲ. ಆ ಡಬ್ಬಿ ಆ ಸಲದ್ದು.

ಆಗ ನಾನು ಮಧುಗಿರಿಯ ಒಂದು ಸಣ್ಣ ಸ್ಕ್ಯಾನಿಂಗ್ ಸೆಂಟರಿನಲ್ಲಿ ಕೆಲಸಕ್ಕಿದ್ದೆ. ಬಾಗಿಲ ಬಳಿಯ ಕೌಂಟರಿನಲ್ಲಿ ಕೂತು ಬಸುರಿಯರು ಬಂದಾಗ ಎಫ್ ಫಾರಂ ತುಂಬುವುದು ನನ್ನ ಪಾಲಿನ ಕೆಲಸ. ಹೆಸರು, ಊರು, ಎಷ್ಟು ಮಕ್ಕಳು, ಅದರಲ್ಲಿ ಗಂಡೆಷ್ಟು ಹೆಣ್ಣೆಷ್ಟು, ಯಾರು ಕಳಿಸಿದರು, ಎಲ್ಲವನ್ನೂ ಬರೆಯಬೇಕು. ನನ್ನ ತಲೆಯ ಮೇಲೆ ಗೋಡೆಗೆ ಬೋರ್ಡು. ಹುಟ್ಟುವ ಮಗು ಗಂಡೋ ಹೆಣ್ಣೋ ಎಂದು ಇಲ್ಲಿ ಹೇಳುವುದಿಲ್ಲ, ಹೇಳುವುದೂ ಕೇಳುವುದೂ ಅಪರಾಧ, ದೂರು ಕೊಡಲು ಈ ನಂಬರಿಗೆ ಫೋನ್ ಮಾಡಿ ಎಂದು. ಉಳಿದವರಿಗೆ ಅದು ಗೋಡೆ ಮೇಲಿನ ಬರಹ. ನನಗೆ ಹಾಗಲ್ಲ.

ನನ್ನ ತವರು ಹೊಳವನಹಳ್ಳಿ. ಅಕ್ಕನನ್ನು ಪಾವಗಡದ ಕಡೆಗೆ ಕೊಟ್ಟಿತ್ತು. ಎರಡು ಹೆಣ್ಣಾದ ಮೇಲೆ ಮೂರನೆಯ ಬಸಿರಿನಲ್ಲಿ ಅವಳ ಗಂಡನ ಮನೆಯವರು ಯಾರೋ ಒಬ್ಬನನ್ನು ಕರೆಸಿದರು. ಅವನ ಕೈಯಲ್ಲಿ ಒಂದು ರೆಕ್ಸಿನ್ ಬ್ಯಾಗು, ಅದರೊಳಗೆ ಸಣ್ಣದೊಂದು ಮಿಷನ್ನು. ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ ನೋಡಿದನಂತೆ. ಬಾಯಿಬಿಟ್ಟು ಏನೂ ಹೇಳುವ ಪೈಕಿ ಅಲ್ಲ ಅವನು. ಗಂಡಾಗಿದ್ದರೆ ಜೇಬಿನಿಂದ ಒಂದು ಸಿಹಿ ತೆಗೆದು ಕೊಡುತ್ತಿದ್ದ, ಅಷ್ಟೆ. ವಾರವಾದ ಮೇಲೆ ಅಕ್ಕ ತವರಿಗೆ ಬಂದಳು, ಬರಿಗೊಡದ ಹಾಗೆ. ಗೋಡೆಗೆ ಒರಗಿ ಕೂತು, "ಅವ್ನು ಸಿಹಿ ಕೊಡ್ಲಿಲ್ಲ ಕಣೇ" ಎಂದಳು. ಅಕ್ಕ ಆಮೇಲೆ ಅದರ ಮಾತೇ ಎತ್ತಲಿಲ್ಲ. ಸ್ಕ್ಯಾನಿಂಗ್ ಸೆಂಟರಿನ ಕೆಲಸಕ್ಕೆ ನಾನು ಸೇರಿದ್ದು ಬರೀ ಸಂಬಳಕ್ಕಲ್ಲ. ನನ್ನ ಕಣ್ಣೆದುರು ಇನ್ನೊಂದು ಹೆಣ್ಣು ಕೂಸು ಹೋಗಬಾರದು ಎಂದು ಮನಸ್ಸಿನಲ್ಲೇ ಹರಕೆ ಕಟ್ಟಿಕೊಂಡಿದ್ದೆ.

ಅಂಥಾ ನನ್ನ ಮುಂದೆ ಒಂದು ಮಂಗಳವಾರ ಮೇಷ್ಟ್ರು ಬಂದು ನಿಂತರು. ಕೈಯಲ್ಲಿ ರೆಕ್ಸಿನ್ ಬ್ಯಾಗು!

ಶಿರಾದಿಂದ ಬಸ್ಸಿನಲ್ಲಿ ಬಂದಿದ್ದರು. ರಿಟೈರಾದ ಫಿಸಿಕ್ಸ್ ಮೇಷ್ಟ್ರು, ನಮ್ಮ ಡಾಕ್ಟರ್ ಮೇಡಂಗೆ ಪಿಯುಸಿಯಲ್ಲಿ ಪಾಠ ಹೇಳಿದವರು. ಮೇಡಂ ಎದ್ದು ನಿಂತು ಒಳಗೆ ಕರೆದುಕೊಂಡು ಹೋದರು. ಅಂದಿನಿಂದ ಪ್ರತಿ ಮಂಗಳವಾರ ಮಧ್ಯಾಹ್ನ, ಪೇಷೆಂಟುಗಳು ಮುಗಿದ ಮೇಲೆ, ಸ್ಕ್ಯಾನಿಂಗ್ ರೂಮು ಮೇಷ್ಟ್ರದು. "ಅವರು ಏನೋ ಪ್ರಯೋಗ ಮಾಡ್ತಾರೆ, ತೊಂದರೆ ಕೊಡಬೇಡ" ಎಂದರು ಮೇಡಂ. ಏನು ಪ್ರಯೋಗ ಎಂದು ನಾನು ಕೇಳಲಿಲ್ಲ. ಕೇಳಿದರೆ ನಿಜ ಹೇಳುತ್ತಾರೆ ಎಂಬ ನಂಬಿಕೆ ಇದ್ದರೆ ತಾನೆ ಕೇಳುವುದು?

ನಾನು ನೋಡುತ್ತಾ ಹೋದೆ. ಒಳಗೆ ಹೋದ ತಕ್ಷಣ ಮೇಷ್ಟ್ರು ಚಿಲಕ ಹಾಕಿಕೊಳ್ಳುತ್ತಿದ್ದರು. ಕಿಟಕಿಗೆ ಕರಿ ಬಟ್ಟೆ ಕಟ್ಟುತ್ತಿದ್ದರು. ಒಬ್ಬಂಟಿ ಗಂಡಸಿಗೆ ಹಗಲು ಹೊತ್ತಿನಲ್ಲಿ ಕತ್ತಲೆ ಯಾಕೆ? ಏನಾದರೂ ನೆಪ ಮಾಡಿಕೊಂಡು ಅವರ ಹತ್ತಿರ ಹೋದಾಗೆಲ್ಲ ಅವರ ಬಲಗೈ ಸಣ್ಣಗೆ ನಡುಗುತ್ತಿತ್ತು, ಮತ್ತು ಅವರು ಅದನ್ನು ಥಟ್ಟನೆ ಜೇಬಿಗೆ ಇಳಿಸುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವರು ಕೈ ಬಚ್ಚಿಡುತ್ತಾರೆ ಎಂದುಕೊಂಡೆ.

ಎಲ್ಲಕ್ಕಿಂತ ಹೆಚ್ಚಾಗಿ ಆ ಡಬ್ಬಿ. ಮುಚ್ಚಳದ ಮೇಲೆ ಅವರ ಹೆಂಡತಿಯ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಕೊರೆಸಿದ್ದ ಮದುವೆ ಕಾಲದ ಸ್ಟೀಲ್ ಡಬ್ಬಿ. ಅದನ್ನು ಎರಡೂ ಕೈಯಲ್ಲಿ, ಅಲುಗದ ಹಾಗೆ ಹಿಡಿದು ತರುತ್ತಿದ್ದರು. ಒಳಗೆ ಚೈನಾ ಗ್ರಾಸ್ ಗಟ್ಟಿ. ಆದರೆ ಅದನ್ನು ಯಾರೂ ತಿನ್ನುವ ಹಾಗಿಲ್ಲ, ತಂದ ಹಾಗೇ ವಾಪಸ್ಸು. ಜೊತೆಗೆ ಇನ್ನೊಂದು ಸಣ್ಣ ಬಟ್ಟಲಿನಲ್ಲಿ ಸಕ್ಕರೆ ಹಾಕಿದ ತುಂಡುಗಳು ಇರುತ್ತಿದ್ದವು. "ನಮ್ಮನೇವ್ರು ಮಾಡಿದ್ದು, ತಗೋ ತಾಯಿ" ಎಂದು ಬಂದ ತಕ್ಷಣ ನನ್ನ ಮುಂದೆ ಒಂದು ತುಂಡು ಇಡುತ್ತಿದ್ದರು. ನಾನು ತಲೆಯಾಡಿಸಿ ಇಟ್ಟುಕೊಂಡು, ಅವರು ಒಳಗೆ ಹೋದ ಮೇಲೆ ಹಿತ್ತಿಲ ಮೋರಿಗೆ ಎಸೆಯುತ್ತಿದ್ದೆ. ಸುಮ್ಮನೆ ಸಿಹಿ ಹಂಚುವ ಗಂಡಸನ್ನು ನಾನಂತೂ ನಂಬುವವಳಲ್ಲ.

ಒಂದು ದಿನ ಮೇಷ್ಟ್ರು ಕೈ ತೊಳೆಯಲು ಹೋದಾಗ ಡಬ್ಬಿಯ ಮುಚ್ಚಳ ತೆಗೆದೆ. ಬೆಳ್ಳಗಿನ ಗಟ್ಟಿಯೊಳಗೆ ಕರ್ರಗೆ ಹುಣಸೆ ಬೀಜಗಳು! ಒಂದಷ್ಟು ಮೇಲೆ, ಒಂದಷ್ಟು ಆಳದಲ್ಲಿ, ಅಲ್ಲಲ್ಲಿ ಹುಣಸೆಯ ನಾರು. ಇದೆಂಥಾ ಮಾಟವೋ ಮಂತ್ರವೋ! ಮುಚ್ಚಳ ಹಾಕಿ ಬಂದು ಕುರ್ಚಿಯಲ್ಲಿ ಕೂತು ಮನಸ್ಸಿನಲ್ಲೇ ಮನೆದೇವರನ್ನು ಕರೆದೆ.

ಅದಾದ ವಾರವೇ ಪಾವಗಡದ ಕಡೆಯಿಂದ ಒಬ್ಬ ಬಸುರಿ, ಅವಳ ಅತ್ತೆ ಬಂದರು. ಫಾರಂ ಬರೆಯುವಾಗ ಕೇಳಿದೆ, ಮೊದಲಿನವೆರಡೂ ಹೆಣ್ಣು. ಇನ್ನೊಂದು ಸಲ ಕೇಳಿ ಬರೆದುಕೊಂಡೆ. ಮೇಡಂ ಸ್ಕ್ಯಾನ್ ಮಾಡಿ ಕಳಿಸಿದರು. ಅಷ್ಟರಲ್ಲಿ ಮೇಷ್ಟ್ರು ಬಂದಿದ್ದರು, ಕಾರಿಡಾರಿನ ಬೆಂಚಿನಲ್ಲಿ ಕೂತಿದ್ದರು. ನಾನು ರಿಜಿಸ್ಟರು ಒಳಗಿಟ್ಟು ತಿರುಗುವಷ್ಟರಲ್ಲಿ ಆ ಬಸುರಿಯ ಕೈಯಲ್ಲಿ ಒಂದು ಬಿಳಿ ತುಂಡು. ಅತ್ತೆಯ ಮುಖ ಅರಳಿತ್ತು.

"ಏನಮ್ಮಾ ಅದು?" ಎಂದೆ.

"ಆ ಮೇಷ್ಟ್ರು ಸ್ವೀಟ್ ಕೊಟ್ರಮ್ಮಾ. ಭಲೇ ಚಂದಾಗೈತೆ" ಎಂದಳು ಅತ್ತೆ.

ಅಕ್ಕ ಗೋಡೆಗೆ ಒರಗಿ ಕೂತಿದ್ದು ಕಣ್ಣ ಮುಂದೆ ಬಂತು. ಇವತ್ತು ಇವಳಿಗೆ ಸಿಹಿ ಸಿಕ್ಕಿತು. ನಾಳೆ ಸಿಹಿ ಸಿಗದವಳ ಗತಿ? ಆ ಹೆಂಗಸರು ಬಸ್ ಸ್ಟ್ಯಾಂಡ್ ಕಡೆ ನಡೆದರು. ನಾನು ಮೇಡಂಗೂ ಹೇಳಲಿಲ್ಲ, ಅವರೂ ಇದರಲ್ಲಿ ಸೇರಿದ್ದರೆ ಎಂಬ ಅನುಮಾನ. ಬೋರ್ಡಿನ ನಂಬರನ್ನು ಅಂಗೈಯಲ್ಲಿ ಬರೆದುಕೊಂಡು, ಹಿತ್ತಿಲಿಗೆ ಹೋಗಿ ಫೋನ್ ಮಾಡಿದೆ. ರೆಕ್ಸಿನ್ ಬ್ಯಾಗು, ಚಿಲಕ, ಕರಿ ಬಟ್ಟೆ, ಸಿಹಿ, ಎಲ್ಲವನ್ನೂ ಹೇಳಿದೆ. ಹೆಸರು ಕೇಳಿದರು. ಹೇಳಲಿಲ್ಲ.

ಮುಂದಿನ ಮಂಗಳವಾರ ಇಬ್ಬರು ಅಧಿಕಾರಿಗಳು ಬಂದು ಸ್ಕ್ಯಾನಿಂಗ್ ರೂಮಿನ ಬಾಗಿಲು ಬಡಿದರು.

"ಯಾರ್ರೀ ಒಳಗೆ? ಬಾಗ್ಲು ತೆಗೀರಿ!"

"ತೆಗೀತೀನಿ ಸ್ವಾಮಿ, ಎರಡು ನಿಮಿಷ. ಬೆಳಕು ಬಂದ್ರೆ ಕೆಟ್ಟೋಗ್ಬುಡುತ್ತೆ" ಎಂದು ಒಳಗಿನಿಂದ ಮೇಷ್ಟ್ರ ಧ್ವನಿ. ಆ ಮಾತು ಕೇಳಿ ನಾನು ಗೆದ್ದೆ ಎಂದುಕೊಂಡೆ.

ಬಾಗಿಲು ತೆಗೆದಾಗ ಒಳಗೆ ಯಾವ ಹೆಂಗಸೂ ಇರಲಿಲ್ಲ. ಹಾಸಿಗೆಯ ಮೇಲೆ ಬಸುರಿಯನ್ನು ಮಲಗಿಸಿದ ಹಾಗೆ ಡಬ್ಬಿ ಕೂತಿತ್ತು. ಅದರ ಮೇಲೆ, ಬಸುರಿಯರ ಹೊಟ್ಟೆಯ ಮೇಲೆ ಆಡಿಸುವ ಮಿಷನ್ನಿನ ಪ್ರೋಬು, ಅದರ ಪಕ್ಕದಲ್ಲಿ ಕೂದಲಿನಷ್ಟು ಸಣ್ಣದೊಂದು ಗಾಜಿನ ಎಳೆ, ಎಳೆಯ ಇನ್ನೊಂದು ತುದಿ ಒಂದು ಪೆಟ್ಟಿಗೆಗೆ. ಮೇಷ್ಟ್ರು ಪಾಠ ಒಪ್ಪಿಸುವ ಹುಡುಗನ ಹಾಗೆ ಎದ್ದು ನಿಂತು ವಿವರಿಸಿದರು. ಪ್ರೋಬಿನೊಳಗಿನ ಬಿಲ್ಲೆಗಳೇ ಶಬ್ದ ಕಳಿಸುತ್ತವೆ, ಅವೇ ಪ್ರತಿಧ್ವನಿ ಕೇಳುತ್ತವೆ. ಕಳಿಸುವುದರಲ್ಲಿ ಗಟ್ಟಿ, ಕೇಳುವುದರಲ್ಲಿ ಸ್ವಲ್ಪ ಮಂದ. ಗಾಜಿನ ಎಳೆಯೊಳಗೆ ಬೆಳಕು ಓಡುತ್ತಿರುತ್ತದೆ. ತೀರಾ ಸಣ್ಣ ಪ್ರತಿಧ್ವನಿ ಬಡಿದರೂ ಎಳೆ ಅದುರಿ ಆ ಬೆಳಕು ಬದಲಾಗುತ್ತದೆ. ಹೊರಗಿನ ಬೆಳಕು ಬೆರೆಯಬಾರದೆಂದು ಕರಿ ಬಟ್ಟೆ. ಎರಡೂ ಕೇಳಿದ್ದನ್ನು ಸೇರಿಸಿದರೆ ಚಿತ್ರ ತಿಳಿಯಾಗುತ್ತದೆ. "ಮನುಷ್ಯರ ಮೈಮೇಲೆ ಒಂದ್ಸಲನೂ ಇಟ್ಟಿಲ್ಲ ಸ್ವಾಮಿ. ಈ ಗಟ್ಟಿನೇ ಮೈ ಅಂದ್ಕೊಂಡು, ಒಳಗಿನ ಹುಣಸೆ ಬೀಜದ ಮೇಲೆ ಮಾತ್ರ" ಎಂದರು.

"ಬಸುರಿಯರಿಗೆ ಸಿಹಿ ಕೊಡ್ತೀರಂತಲ್ಲ, ಅದ್ಯಾಕೆ?" ಎಂದರು ಒಬ್ಬರು ಅಧಿಕಾರಿ.

"ಆ ಹೆಣ್ಣುಮಗಳು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಕಣ್ಣು ಕತ್ತಲೆ ಬಂದು ಬೆಂಚಿನ ಮೇಲೆ ಕೂತ್ಬುಟ್ಳು. ಅದಕ್ಕೆ ಕೊಟ್ಟೆ" ಎಂದರು ಮೇಷ್ಟ್ರು. ಆಮೇಲೆ ತಿರುಗಿ ಕೌಂಟರಿನ ಕಡೆ ನೋಡಿದರು. ನಾನು ತಲೆ ತಗ್ಗಿಸಿ, ಮೊದಲೇ ತುಂಬಿದ್ದ ಫಾರಮ್ಮೊಂದನ್ನು ಮತ್ತೆ ತುಂಬತೊಡಗಿದೆ.

ಅಧಿಕಾರಿಗಳು ಕೆಟ್ಟವರಲ್ಲ, ಕೇಳಿದ್ದೆಲ್ಲ ನಂಬಿದರು. ಆದರೆ ಕಾಗದದಲ್ಲಿಲ್ಲದ ಪೆಟ್ಟಿಗೆಯನ್ನು ರಿಜಿಸ್ಟರಾದ ಮಿಷನ್ನಿಗೆ ಕಟ್ಟುವ ಹಾಗಿಲ್ಲ. ಅದು ತಪ್ಪೇ. ಮಿಷನ್ನಿಗೆ ಬಟ್ಟೆ ಸುತ್ತಿ ಅರಗಿನ ಮುದ್ರೆ ಒತ್ತಿದರು.

"ಬಿಚ್ಚೋಕೆ ಎಷ್ಟು ದಿನ ಆಗ್ಬೋದು ಸ್ವಾಮಿ?" ಮೇಷ್ಟ್ರು ಕೇಳಿದರು.

"ಆರು ತಿಂಗಳೋ, ವರ್ಷವೋ. ಮೇಲಿಂದ ಬರ್ಬೇಕು."

"ಅಷ್ಟು ದಿನ ನನ್ನ ಕೈಯಲ್ಲಿಲ್ವಲ್ಲ..." ಎಂದರು ಮೇಷ್ಟ್ರು. ಅದೇನು ಮಾತು ಎಂದು ಆಗ ನನಗೆ ತಿಳಿಯಲಿಲ್ಲ.

ಸಂಜೆ ಮೇಡಂ ಹೇಳಿದರು. ಮೇಷ್ಟ್ರಿಗೆ ಕೈ ನಡುಗುವ ಕಾಯಿಲೆ, ದಿನದಿಂದ ದಿನಕ್ಕೆ ಹೆಚ್ಚುವಂಥದ್ದು. ಆ ಗಾಜಿನ ಎಳೆಯನ್ನು ಪ್ರೋಬಿನ ಪಕ್ಕ ಅಲುಗದೆ ಕೂರಿಸಲು ಕೈ ಇನ್ನೊಂದು ವರ್ಷ ನಿಂತರೆ ಹೆಚ್ಚು, ಅಷ್ಟರಲ್ಲಿ ಮುಗಿಸಬೇಕು ಎಂದೇ ವಾರ ತಪ್ಪದೆ ಬರುತ್ತಿದ್ದರಂತೆ. ಯಾಕೆ ಇಷ್ಟು ಹಟ ಎಂದರೆ, ಮೇಡಂ ರಿಪೋರ್ಟುಗಳಲ್ಲಿ 'ಚಿತ್ರ ಮಬ್ಬಾಗಿದೆ, ತುಮಕೂರಿನಲ್ಲಿ ತೋರಿಸಿ' ಎಂದು ಬರೆಯುತ್ತಿದ್ದರು. ತುಮಕೂರಿಗೆ ಹೋಗುವ ಬದಲು ಊರಿಗೆ ಹೋಗಿ ನೋವು ನುಂಗಿಕೊಂಡು ಕೂರುವವರೇ ಹೆಚ್ಚು. "ಮಬ್ಬು ಅನ್ನೋದು ಒಂದು ಉತ್ತರವೇನಮ್ಮಾ?" ಎಂದು ಮೇಷ್ಟ್ರು ಹಳೇ ವಿದ್ಯಾರ್ಥಿನಿಯನ್ನು ಗದರಿದ್ದರಂತೆ.

"ಯಾವ ಪಾಪಿ ಫೋನ್ ಮಾಡಿದ್ನೋ" ಎಂದರು ಮೇಡಂ.

ಹೇಳಬಹುದಿತ್ತು. ಹೇಳಲಿಲ್ಲ.

ಸೆಂಟರಿನಲ್ಲಿ ಮಿಷನ್ ಇಲ್ಲದೆ ಮೇಡಂ ಬರೀ ಪೇಷೆಂಟುಗಳನ್ನು ನೋಡುತ್ತಿದ್ದರು. ಮೇಷ್ಟ್ರು ಆದರೂ ಬರುತ್ತಿದ್ದರು, ಮಂಗಳವಾರ ಮಂಗಳವಾರ. "ಮುದ್ರೆ ಬಿಚ್ಚಿದ್ರೇನಮ್ಮಾ?" ಎಂದು ಕೇಳಿ, ಬೆಂಚಿನ ಮೇಲೆ ಕೂತು, ಟೀ ಕುಡಿದು ಹೋಗುತ್ತಿದ್ದರು. ಮೊದಲು ಟೀ ಸಾಸರಿಗೆ ಚೆಲ್ಲುತ್ತಿತ್ತು. ಆಮೇಲೆ ಪಂಚೆಗೆ. ಆಮೇಲೆ ನಾನೇ ಅರ್ಧ ಲೋಟ ಹಾಕಿ ಕೊಡತೊಡಗಿದೆ. ಸಿಹಿಯ ಬಟ್ಟಲು ಮಾತ್ರ ಅವತ್ತಿನಿಂದ ಬರಲಿಲ್ಲ. ಇವರಿಗೆ ಗೊತ್ತಾಗಿದೆಯೋ ಇಲ್ಲವೋ ಎಂದು ಅವರ ಮುಖವನ್ನು ಕದ್ದು ಕದ್ದು ನೋಡುತ್ತಿದ್ದೆ. ಗೊತ್ತಿದ್ದರೆ ಇಷ್ಟು ತಣ್ಣಗೆ ಮಾತಾಡುತ್ತಾರಾ? ಇಲ್ಲಾ, ತಣ್ಣಗೆ ಮಾತಾಡಿಯೇ ನನ್ನನ್ನು ಸುಡುತ್ತಿದ್ದಾರಾ? ಆ ಅನುಮಾನ ನನ್ನ ಊಟ ಕಿತ್ತುಕೊಂಡಿತು.

ಮುದ್ರೆ ಬಿಚ್ಚುವ ಹೊತ್ತಿಗೆ ವರ್ಷ ಮುಗಿಯುತ್ತ ಬಂದಿತ್ತು. ಅರ್ಜಿಯ ಮೇಲೆ ಅರ್ಜಿ ಬರೆದು ಮೇಡಂ ಅನುಮತಿಯನ್ನೂ ತರಿಸಿದರು. ಪೆಟ್ಟಿಗೆ ಕಟ್ಟಬಹುದು, ಮನುಷ್ಯರ ಮೇಲೆ ಬೇಡ, ಡಬ್ಬಿಯ ಮೇಲೆ ಮಾತ್ರ. ಮೊದಲಿನಿಂದಲೂ ಮೇಷ್ಟ್ರು ಮಾಡುತ್ತಿದ್ದದ್ದು ಅದನ್ನೇ! ಆ ಮಂಗಳವಾರ ಮೇಷ್ಟ್ರು ಎಳೆಯನ್ನು ಹಿಡಿಯಲು ನಾಲ್ಕು ಸಲ ಕೈಚಾಚಿದರು. ನಾಲ್ಕು ಸಲವೂ ಎಳೆ ಡಬ್ಬಿಯ ಅಂಚಿಗೆ ಬಡಿಯಿತು. ಐದನೆಯ ಸಲ ಚಾಚಲಿಲ್ಲ. ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿ, "ನಿನ್ನ ಕೈ ಹೆಂಗೈತೆ ನೋಡಾಣ, ಚಾಚು ತಾಯಿ" ಎಂದರು.

ಚಾಚಿದೆ. ನಡುಗುತ್ತಿತ್ತು, ಆದರೆ ಕಾಯಿಲೆಯಿಂದಲ್ಲ.

"ಇದು ನಿಲ್ಲೋ ಕೈಯಿ. ಬಾ" ಎಂದರು.

ಹಾಗೆ ನಾನು ಅವರ ಕೈಯಾದೆ. ಏಳೆಂಟು ಮಂಗಳವಾರ ಕತ್ತಲೆ ರೂಮಿನಲ್ಲಿ ಉಸಿರು ಬಿಗಿಹಿಡಿದು ಆ ಎಳೆಯನ್ನು ಕೂರಿಸಿದೆ. ಬಿಡುವಿನಲ್ಲಿ ಮೇಷ್ಟ್ರು ಪಾಠ ಮಾಡುತ್ತಿದ್ದರು.

"ನಿಮ್ಮೂರಲ್ಲಿ ಬೋರ್ ಕೊರೆಸೋಕೆ ಮುಂಚೆ ನೀರಿನ ಪಾಯಿಂಟ್ ಹೆಂಗೆ ಮಾಡಿಸ್ತಾರೆ?"

"ತೆಂಗಿನಕಾಯಿ ಹಿಡ್ಕೊಂಡು ನೋಡೋನ್ನ ಕರೀತಾರೆ. ಆಮ್ಯಾಕೆ ಮಿಷನ್ನೋನ್ನೂ ಕರೀತಾರೆ ಸಾ."

"ಇಬ್ರು ಯಾಕೆ? ಒಬ್ನು ಸಾಲ್ದಾ?"

"ಒಬ್ನ ಹೆಂಗ್ ನಂಬಾದು? ಇಬ್ರೂ ಒಂದೇ ಜಾಗ ತೋರ್ಸಿದ್ರೆ ಅಲ್ಲಿ ಕೊರೆಸ್ತಾರೆ."

"ಅಷ್ಟೇ ಕಣಮ್ಮ ನನ್ನ ಫಿಸಿಕ್ಸು" ಎಂದು ನಕ್ಕರು. ಆ ನಗುವಿನ ಸಲಿಗೆಯಲ್ಲಿ ಅಕ್ಕನ ಕಥೆ ಹೇಳಿಬಿಟ್ಟೆ. ರೆಕ್ಸಿನ್ ಬ್ಯಾಗು, ಕಾರಿನ ಸೀಟು, ಅವನು ಕೊಡದೆ ಹೋದ ಸಿಹಿ. ಫೋನಿನ ವಿಷಯ ಮಾತ್ರ ಬಿಟ್ಟೆ. ಕತ್ತಲಲ್ಲಿ ಮೇಷ್ಟ್ರ ಮುಖ ಕಾಣುತ್ತಿರಲಿಲ್ಲ...

"ಅನುಮಾನನೂ ಬೇಕು ಕಣಮ್ಮ" ಎಂದರು. "ಆದ್ರೆ ಅದೊಂದನ್ನೇ ನಂಬ್ಕೊಂಡು ಬೋರ್ ಕೊರೆಸ್ಬಾರ್ದು. ಬಾಯಿಬಿಟ್ಟು ಒಂದ್ಮಾತು ಕೇಳ್ಬೇಕು."

ಕೊನೆಯ ಮಂಗಳವಾರ ಡಬ್ಬಿಯೊಳಗೆ ಎರಡು ಬೀಜ ಇಟ್ಟಿದ್ದರು, ಆಳದಲ್ಲಿ, ನಾರಿನ ನಡುವೆ. ಒಂದು ಇಡಿಯದು, ಒಂದು ಸೀಳಿದ್ದು. ಪ್ರೋಬು ಒಂದರದೇ ಚಿತ್ರದಲ್ಲಿ ಎರಡೂ ಒಂದೇ ಮಬ್ಬು ಮುದ್ದೆ. ಎಳೆ ಒಂದರದೇ ಚಿತ್ರದಲ್ಲಿ ಚೂರುಚೂರು ಗೆರೆ. ಎರಡನ್ನೂ ಸೇರಿಸಿ ಮೇಷ್ಟ್ರು ಲ್ಯಾಪ್‌ಟಾಪಿನ ಗುಂಡಿ ಒತ್ತಿದರು. ಚಿತ್ರ ನಿಧಾನಕ್ಕೆ ಮೂಡಿತು. ಎರಡು ಬೀಜ, ಬೇರೆ ಬೇರೆ. ಬಲಗಡೆಯದರಲ್ಲಿ ಕೂದಲೆಳೆಯಷ್ಟು ಸೀಳು, ಸ್ಪಷ್ಟವಾಗಿ. ನಾನು ಸಂತೆಯಲ್ಲಿ ಕೂಗುವ ಹಾಗೆ "ಕಾಣ್ತೈತೆ ಸಾ!" ಎಂದು ಕೂಗಿದೆ. ಮೇಷ್ಟ್ರು ಕಣ್ಣೊರೆಸಿಕೊಳ್ಳಲು ಹೋಗಿ, ಕೈ ನಿಲ್ಲದೆ ಕನ್ನಡಕ ಬೀಳಿಸಿಕೊಂಡರು. ಒಂದೇ ಒಂದು ಚಿತ್ರವನ್ನು ಸ್ಕ್ಯಾನಿಂಗಿನ ಪ್ರಿಂಟರಿನಲ್ಲಿ ತೆಗೆದು ಜೇಬಿಗಿಟ್ಟುಕೊಂಡರು.

"ಇನ್ನು ಮನುಷ್ಯರ ಮೇಲೆ ನೋಡೋಕೆ ಬೇರೆ ಅರ್ಜಿ ಬರೀಬೇಕು" ಎಂದು ಬಸ್ಸು ಹತ್ತಿದರು. ಆ ಅರ್ಜಿ ಬರೆಯಲು ಅವರು ಮತ್ತೆ ಬರಲೇ ಇಲ್ಲ. ಮಳೆಗಾಲದ ಹೊತ್ತಿಗೆ ಹಾಸಿಗೆ ಹಿಡಿದರು ಎಂದು ಕೇಳಿದೆವು. ಆಮೇಲೆ ಒಂದು ಬೆಳಿಗ್ಗೆ ಮೇಡಂಗೆ ಫೋನ್ ಬಂತು.

ತಿಂಗಳು ಕಳೆದಿರಬೇಕು. ಒಂದು ಮಂಗಳವಾರ ವಯಸ್ಸಾದ ಹೆಂಗಸೊಬ್ಬರು ಕೌಂಟರಿನ ಮುಂದೆ ಬಂದು ನಿಂತರು. ಎರಡೂ ಕೈಯಲ್ಲಿ ಅದೇ ಡಬ್ಬಿ. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿದ್ದ ಹೆಸರು ಅವರದು.

"ಹೋಗೋಕೆ ಮುಂಚೆ ಹೇಳಿದ್ರು ಕಣಮ್ಮ. ಈ ಡಬ್ಬಿನ ಆ ಫೋನ್ ಮಾಡಿದ ಹುಡುಗಿಗೆ ಕೊಟ್ಬುಡು ಅಂತ. ಯಾವ ಹುಡುಗಿ ಅಂದ್ರೆ, ಫಾರಂ ಬರೀತಾಳಲ್ಲ ಅವ್ಳು ಅಂದ್ರು. ಯಾವ ಫೋನೋ ಏನೋ, ನಂಗೊಂದೂ ಗೊತ್ತಿಲ್ಲ. ನೀನೇನಾ?"

ಗೊತ್ತಿತ್ತು. ಅಧಿಕಾರಿ ಸಿಹಿಯ ಪ್ರಶ್ನೆ ಕೇಳಿದ ಆ ಗಳಿಗೆಯಿಂದಲೂ ಮೇಷ್ಟ್ರಿಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಕೈಯಿಂದ ಟೀ ಕುಡಿದಿದ್ದರು, ಗೊತ್ತಿದ್ದೂ ಆ ಎಳೆಯನ್ನು ನನ್ನ ಕೈಗೇ ಕೊಟ್ಟಿದ್ದರು.

"ಹೂಂ ಅಮ್ಮಾ, ನಾನೇ" ಎಂದೆ. ಮೊನ್ನೆಯವರೆಗೂ ನಾನು ತಪ್ಪೊಪ್ಪಿಕೊಂಡಿದ್ದು ಅದೊಂದೇ ಮಾತಿನಲ್ಲಿ, ಅದೂ ಅರ್ಥವಾಗದವರ ಮುಂದೆ.

ಡಬ್ಬಿಯೊಳಗೆ ಆ ಚಿತ್ರ ಇತ್ತು. ಸ್ಕ್ಯಾನಿಂಗಿನ ಕಾಗದ ವರ್ಷ ಕಳೆದ ಹಾಗೆ ಮಾಸುತ್ತದೆ. ಮೊದಲು ನಾರು ಹೋಯಿತು, ಆಮೇಲೆ ಸೀಳದ ಬೀಜ, ಕೊನೆಗೆ ಆ ಸೀಳು. ಮೊನ್ನೆ ಕಿಟಕಿಯ ಬಳಿ ಹಿಡಿದು ನೋಡಿದೆ, ಬರೀ ಬಿಳಿ. ಬಲಗಡೆ ಇಲ್ಲೇ ಇತ್ತು ಎಂದು ಬೆರಳಿಟ್ಟೆ. ನನ್ನ ನೆನಪಿನ ಮೇಲೂ ನನಗೆ ಅನುಮಾನವೇ, ಆದರೂ ಬೆರಳು ತೆಗೆಯಲಿಲ್ಲ. ಅದರಲ್ಲಿ ಏನಿತ್ತು ಎಂದು ಮಗಳು ಕೇಳಿದಳು. ಕೂರಿಸಿಕೊಂಡು ಹೇಳಿದೆ, ಈ ಸಲ ಫೋನನ್ನೂ ಬಿಡದೆ.

ಸಂಜೆ ಅವಳು ಚೈನಾ ಗ್ರಾಸನ್ನು ಕತ್ತರಿಸಿ ತಟ್ಟೆಯಲ್ಲಿ ಒಂದು ತುಂಡು ತಂದು ಮುಂದೆ ಇಟ್ಟಳು. ಎತ್ತಿ ಬೆಳಕಿಗೆ ಹಿಡಿದು ನೋಡಿದೆ. ಒಳಗೆ ಏನೂ ಇರಲಿಲ್ಲ. ಬಾಯಿಗೆ ಹಾಕಿಕೊಂಡೆ. ಹದವಾದ ಸಿಹಿ. ಮೇಷ್ಟ್ರು ಅಷ್ಟು ಮಂಗಳವಾರ "ತಗೋ ತಾಯಿ" ಎಂದು ಇಟ್ಟದ್ದರಲ್ಲಿ ಒಂದು ತುಂಡನ್ನೂ ನಾನು ತಿಂದಿರಲಿಲ್ಲ.